ಬೆಂಕಿಗಿಂತ ಮೊದಲು ಎಣ್ಣೆ!

ಹೊಸ ಎಂಜಿನ್. ಪೆಟ್ಟಿಗೆ ಒಡೆದು ಹೊರತೆಗೆದು ಹೆಚ್ಚು ದಿನ ಆಗಿಲ್ಲ. ಮೈಮೇಲೆ ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಲಕ್ಷಗಟ್ಟಲೆ ರೂಪಾಯಿ ಸುರಿದು ತಂದ ಅದನ್ನು ಪುಟ್ಟ ವಿಮಾನದ ಮೂತಿಗೆ ಕೂರಿಸಿ, ಪೆಟ್ರೋಲ್ ಹೊಯ್ದು, ಸ್ಟಾರ್ಟರ್ ಒತ್ತಿದರೆ ಏನಾಗುತ್ತದೆ? ಚಾಲೂ ಆಗುತ್ತದೆ. ಗುಡುಗುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ನಿಲ್ಲುವಷ್ಟರಲ್ಲಿ ಎಂಜಿನ್ನಿನ ಆಯುಷ್ಯದಲ್ಲಿ ದೊಡ್ಡದೊಂದು ಪಾಲು ಕಳೆದುಹೋಗಿರಲೂಬಹುದು!

ಯಾಕೆ ಗೊತ್ತೇ? ಒಳಗೆ ಎಣ್ಣೆ ಇನ್ನೂ ಬಂದು ಮುಟ್ಟಿಲ್ಲ.

ಕಾಪು ತಾಲೂಕಿನ ಹೆಜಮಾಡಿಯಲ್ಲಿ, ಶಾಂಭವಿ ಹೊಳೆಯ ಹಿನ್ನೀರಿನಲ್ಲಿ, ಊರಿನವರೇ ಕಟ್ಟಿದ ಒಬ್ಬರೇ ಕೂರುವ ನೀರುವಿಮಾನದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಮ್ಮ ಕಡೆಯವರೆಲ್ಲ ಕೇಳಿದ್ದು ರೆಕ್ಕೆಯ ಬಗ್ಗೆ, ನೀರಿನಿಂದ ಅದು ಹೇಗೆ ಎದ್ದೀತು ಎಂಬ ಬಗ್ಗೆ. ನನ್ನ ತಲೆಯಲ್ಲಿ ಕೂತದ್ದು ಬೇರೆ ಪ್ರಶ್ನೆ. ಒಂದೇ ಎಂಜಿನ್ ನಂಬಿ ಮೇಲಕ್ಕೇರುವವರು ಆ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವುದು ಹೇಗೆ? ಅದನ್ನು ಹುಡುಕುತ್ತಾ ಹೋದರೆ, ಅಬ್ಬ, ಒಂದು ಲೋಕವೇ ತೆರೆದುಕೊಳ್ಳುತ್ತದೆ. ಕೀಲಿ ತಿರುಗಿಸುವುದು ಆ ಕೆಲಸದ ಕೊನೆಯ ತುಣುಕು. ಅದಕ್ಕೂ ಮೊದಲು ನಡೆಯುವುದೇ ನಿಜವಾದ ಸೋಜಿಗ!

ತಾಗಿದಂತೆ ಕಂಡರೂ ತಾಗದ ಲೋಹ

ಎಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹೊತ್ತು ನಿಂತಿರುವುದು ಬೇರಿಂಗ್ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲವೇ ಅಲ್ಲ! ಓಡುವ ಎಂಜಿನ್ನಿನಲ್ಲಿ ಶಾಫ್ಟ್ ಬೇರಿಂಗಿಗೆ ತಾಗುವುದೇ ಇಲ್ಲ. ತಲೆಕೂದಲಿಗಿಂತ ಎಷ್ಟೋ ತೆಳುವಾದ ಎಣ್ಣೆಯ ಪದರವೊಂದು ನಡುವೆ ಸೇರಿಕೊಂಡು ಇಡೀ ಭಾರವನ್ನು ಎತ್ತಿ ಹಿಡಿದಿರುತ್ತದೆ. ಲೋಹ ತೇಲುತ್ತದೆ! ಶಾಫ್ಟ್ ತಿರುಗುತ್ತಾ ತಾನೇ ಎಣ್ಣೆಯನ್ನು ತನ್ನಡಿಗೆ ಎಳೆದುಕೊಳ್ಳುತ್ತದೆ, ಆ ಎಣ್ಣೆಯ ಮೇಲೆಯೇ ತೇಲುತ್ತದೆ.

ಆದರೆ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದ ಎಂಜಿನ್ನಿನಲ್ಲಿ ಆ ಪದರ ಎಲ್ಲಿದೆ? ಇಳಿದು ಹೋಗಿದೆ. ಎಣ್ಣೆಯ ನಾಳಗಳಲ್ಲಿ, ಪಂಪಿನಲ್ಲಿ, ಎಣ್ಣೆ ತಣಿಸುವ ಕೂಲರಿನಲ್ಲಿ ಎಲ್ಲೆಲ್ಲೂ ಗಾಳಿ. ಈ ಸ್ಥಿತಿಯಲ್ಲಿ ಬೆಂಕಿ ಹೊತ್ತಿಸಿದರೆ ಪಂಪು ಗಾಳಿಯನ್ನೆಲ್ಲ ತಳ್ಳಿ ಎಣ್ಣೆ ತಂದು ಮುಟ್ಟಿಸುವವರೆಗೆ ಲೋಹಕ್ಕೆ ಲೋಹವೇ ಉಜ್ಜಬೇಕು. ಮಲ್ಪೆ ಬಂದರಿನ ಮೆಕ್ಯಾನಿಕ್‌ಗಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಬೋಟಿನ ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೆ ಎಂಜಿನ್ ಹಟ ಹಿಡಿಯುತ್ತದೆ, ಏರ್ ತೆಗೆದ ಮೇಲೆಯೇ ಮುಂದಿನ ಮಾತು. ಡೀಸೆಲ್ ಲೈನಿನಲ್ಲಿ ಏರ್ ಇದ್ದರೆ ಎಂಜಿನ್ ಬರೀ ನಿಲ್ಲುತ್ತದೆ. ಎಣ್ಣೆಯ ಲೈನಿನಲ್ಲಿ ಏರ್ ಇದ್ದರೆ ನಿಲ್ಲುವುದಿಲ್ಲ, ಓಡುತ್ತಲೇ ಸಾಯುತ್ತದೆ.

ಜಗತ್ತಿನ ಮೊದಲ ವಿಮಾನಕ್ಕೂ ಈ ಪಾಠ ಆಗಿತ್ತು! ರೈಟ್ ಸಹೋದರರ ಅಂಗಡಿಯಲ್ಲಿ ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್ ಆರು ವಾರಗಳಲ್ಲಿ ಎಂಜಿನ್ ಕಟ್ಟಿದ. 1903ರ ಫೆಬ್ರವರಿಯಲ್ಲಿ ಅದು ಮೊದಲ ಸಲ ಓಡಿತು. ಮರುದಿನವೇ ಬೇರಿಂಗ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ, ಬೇರಿಂಗ್ ಬಿಗಿಹಿಡಿದು, ಎಂಜಿನ್ನಿನ ಒಡಲೇ ಸೀಳಿ ಹೋಯಿತು. ಹೊಸದಾಗಿ ಎರಕ ಹೊಯ್ಯಿಸಿ ಮತ್ತೊಮ್ಮೆ ಕಟ್ಟಿದ ಮೇಲೆಯೇ ಡಿಸೆಂಬರ್ 17ರ ಹಾರಾಟ. ಎಣ್ಣೆ ಇರಬೇಕಾದಲ್ಲಿ ಪೆಟ್ರೋಲ್ ಬಿದ್ದದ್ದಕ್ಕೆ ಎಂಜಿನ್ನಿನ ಕೆಲಸವೇ ತಿಂಗಳುಗಟ್ಟಲೆ ಹಿಂದೆ ಬಿತ್ತು!

ನೀಲಿ ಹರಳು ಗುಲಾಬಿಯಾದರೆ

ನಮ್ಮ ಕರಾವಳಿಗೆ ಬಂದ ಎಂಜಿನ್ನಿಗೆ ಮೊದಲ ವೈರಿ ಗಾಳಿ. ಕಾಪುವಿನ ದೀಪಸ್ತಂಭದ ಕೆಳಗೆ ನಿಂತರೆ ತುಟಿಯ ಮೇಲೆ ಉಪ್ಪು ಕೂರುತ್ತದೆ. ಕಾರ್ಕಳದ ಕಡೆ ಘಟ್ಟದ ಬುಡದಲ್ಲಿ ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಸಿಲಿಂಡರಿನ ಒಳಗೋಡೆ ಉಕ್ಕಿನದು, ಅದಕ್ಕೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ.

ಅದಕ್ಕೇ ಕಾರ್ಖಾನೆಯವರು ಎಂಜಿನ್ನನ್ನು ಉಪ್ಪಿನಕಾಯಿ ಹಾಕಿದಷ್ಟೇ ಕಾಳಜಿಯಿಂದ ಕಟ್ಟಿ ಕಳಿಸುತ್ತಾರೆ. ಸಿಲಿಂಡರಿನ ಒಳಗೆಲ್ಲ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ, ಸ್ಪಾರ್ಕ್ ಪ್ಲಗ್ ಇರಬೇಕಾದ ತೂತಿಗೆ ಪಾರದರ್ಶಕ ಬಿರಡೆ ತಿರುಪಿ ಕೂರಿಸಿರುತ್ತಾರೆ. ಆ ಬಿರಡೆಯೊಳಗೆ ಇಣುಕಿ ನೋಡಿದರೆ ಸಣ್ಣ ಸಣ್ಣ ಹರಳು, ಕಡು ನೀಲಿ. ಅದು ತೇವ ಹೀರುವ ಸಿಲಿಕಾ ಜೆಲ್. ಒಳಗಿನ ತೇವ ಹೀರಿ ಹೀರಿ ತುಂಬಿದ ಮೇಲೆ ಹರಳು ನಿಧಾನವಾಗಿ ಬಣ್ಣ ಬಿಟ್ಟು ಗುಲಾಬಿಯಾಗುತ್ತದೆ! ಎಂಜಿನ್ ಬಿಚ್ಚುವುದೇ ಬೇಡ, ಒಳಗಿನ ಹವಾಮಾನ ಹೊರಗಿನಿಂದಲೇ ಗೊತ್ತಾಗುತ್ತದೆ. ಬಲ್ಲ ಮೆಕ್ಯಾನಿಕ್ ಪೆಟ್ಟಿಗೆ ಒಡೆದ ಕೂಡಲೇ ಪ್ರೊಪೆಲ್ಲರ್ ಕಡೆ ನೋಡುವುದಿಲ್ಲ, ಬಿರಡೆಯ ಬಣ್ಣ ನೋಡುತ್ತಾನೆ.

ಇಷ್ಟು ದಿನ ಕಾಪಾಡಿದ ಆ ಎಣ್ಣೆಯೇ ಈಗ ಅಪಾಯ! ಅದು ಸಿಲಿಂಡರಿನ ತಳದಲ್ಲಿ ಮಡುಗಟ್ಟಿ ನಿಂತಿದ್ದರೆ ಮೇಲೆ ಬರುವ ಪಿಸ್ಟನ್ನಿಗೆ ಅದು ಕಲ್ಲಿನಂತೆ ಅಡ್ಡ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ಎಣ್ಣೆಯನ್ನು ಆಗುವುದಿಲ್ಲ. ಸ್ಟಾರ್ಟರ್ ಬಲವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಿ ಹೋಗುತ್ತದೆ. ಹಾಗಾಗಿ ಬಿರಡೆಗಳನ್ನೆಲ್ಲ ಬಿಚ್ಚಿ, ಪ್ರೊಪೆಲ್ಲರನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ, ಎಣ್ಣೆಯನ್ನು ಹೊರಗೆ ಸೋರಲು ಬಿಡಬೇಕು.

1951ರ ಡಿಸೆಂಬರ್ 25ರಂದು ಬಜ್ಪೆ ವಿಮಾನ ನಿಲ್ದಾಣ ಉದ್ಘಾಟನೆಗೆ ಜವಾಹರಲಾಲ್ ನೆಹರೂ ಬಂದಿಳಿದದ್ದು ಡಗ್ಲಾಸ್ ಡಿಸಿ-3 ವಿಮಾನದಲ್ಲಿ. ಅದರ ಒಂದೊಂದು ಎಂಜಿನ್ನಿನಲ್ಲೂ ಸುತ್ತಲೂ ಜೋಡಿಸಿದ 14 ಸಿಲಿಂಡರ್. ಕೆಳಗಿನ ಸಿಲಿಂಡರುಗಳು ತಲೆಕೆಳಗಾಗಿ ನಿಂತಿರುತ್ತವೆ, ಎಣ್ಣೆ ಇಳಿದು ಅಲ್ಲೇ ತುಂಬುತ್ತದೆ. ಆ ಕಾಲದ ನೆಲದ ಸಿಬ್ಬಂದಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಪ್ರೊಪೆಲ್ಲರಿನ ಒಂದೊಂದೇ ಅಲಗು ಹಿಡಿದು ಎಳೆಯುತ್ತಿದ್ದದ್ದು ಶಾಸ್ತ್ರಕ್ಕಲ್ಲ. ಎಲ್ಲಾದರೂ ಅಲಗು ತಡೆದು ನಿಂತರೆ ಒಳಗೆ ಎಣ್ಣೆ ಕೂತಿದೆ ಎಂದು ಅಂಗೈಗೇ ಗೊತ್ತಾಗಬೇಕು!

ಆರಿಸಲಿಕ್ಕೂ ಒಂದು ತಂತಿ

ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸುವ ಮಾತು ಬಂದಾಗ ಮೈ ಜುಮ್ಮೆನ್ನಿಸುವ ಇನ್ನೊಂದು ಸಂಗತಿ. ಹಳೆಯ ಮಾದರಿಯ ವಿಮಾನ ಎಂಜಿನ್ನಿಗೆ ಕಿಡಿ ಕೊಡುವುದು ಬ್ಯಾಟರಿಯಲ್ಲ, ಮ್ಯಾಗ್ನೆಟೊ. ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ, ತಿರುಗಿದರೆ ಕಿಡಿ ಹುಟ್ಟುತ್ತದೆ. ಬ್ಯಾಟರಿ ಸತ್ತರೂ ಆಕಾಶದಲ್ಲಿ ಎಂಜಿನ್ ಆರಬಾರದೆಂದು ಮಾಡಿದ ಏರ್ಪಾಡು ಅದು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಪ್ರತಿ ಎಂಜಿನ್ನಿಗೂ ಎರಡೆರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್.

ಹಾಗಾದರೆ ಸ್ವಿಚ್ ಆಫ್ ಮಾಡುವುದೆಂದರೇನು? ಕಿಡಿಯನ್ನು ಒಂದು ತಂತಿಯ ಮೂಲಕ ಎಂಜಿನ್ನಿನ ಒಡಲಿಗೆ ಅರ್ಥ್ ಮಾಡುವುದು, ಅಷ್ಟೇ! ಆ ತಂತಿ ಎಲ್ಲಾದರೂ ಕಡಿದುಹೋಗಿದ್ದರೆ ಸ್ವಿಚ್ ಆಫ್ ತೋರಿಸುತ್ತದೆ, ಕೀಲಿ ಜೇಬಿನಲ್ಲಿರುತ್ತದೆ, ಎಂಜಿನ್ ಮಾತ್ರ ಸಿದ್ಧವಾಗಿಯೇ ಇರುತ್ತದೆ. ಯಾರಾದರೂ ಸುಮ್ಮನೆ ಪ್ರೊಪೆಲ್ಲರ್ ಮುಟ್ಟಿ ತಿರುಗಿಸಿದರೆ ಸಾಕು, ಹೊತ್ತಿಕೊಂಡು ಬಿಡಬಹುದು. ಆದ್ದರಿಂದಲೇ ಕೈಹಾಕುವ ಮೊದಲು ಪ್ಲಗ್ ಬಿಚ್ಚುವುದು, ತಂತಿಯ ಜೋಡಣೆ ನೋಡುವುದು, ಅಲಗಿನ ದಾರಿಯಲ್ಲಿ ಯಾವತ್ತೂ ನಿಲ್ಲದೇ ಇರುವುದು. ಹೊಸ ಎಂಜಿನ್ ಓಡುವುದೇ ಎಂದು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ, ನಿಲ್ಲಿಸಿದರೆ ನಿಲ್ಲುವುದೇ ಎಂದೂ ಪರೀಕ್ಷಿಸುತ್ತಾರೆ ಮಾರಾಯ್ರೆ!

ಗುಳುಗುಳು ಎಂದರೆ ಗೆದ್ದಂತೆ

ಈಗ ಬರುತ್ತದೆ ಇಡೀ ತಯಾರಿಯ ಜೀವ. ಬೆಂಕಿಯಿಲ್ಲದೆ ಎಣ್ಣೆ ಏರಿಸುವುದು.

ಸಾಮಾನ್ಯ ವಿಮಾನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಒಂದೊಂದು ಪ್ಲಗ್ ತೆಗೆದಿಟ್ಟು ಸ್ಟಾರ್ಟರಿನಿಂದ ತಿರುಗಿಸುತ್ತಾರೆ. ಪೆಟ್ರೋಲ್ ಬಂದ್, ಕಿಡಿ ಬಂದ್. ಪ್ಲಗ್ಗಿನ ತೂತು ತೆರೆದೇ ಇರುವುದರಿಂದ ಪಿಸ್ಟನ್ನಿಗೆ ಗಾಳಿಯ ಎದುರೊತ್ತಡ ಇಲ್ಲ, ಬೇರಿಂಗ್ ಮೇಲೆ ಭಾರವಿಲ್ಲ. ಪುಸ್ ಪುಸ್ ಎಂದು ಉಸಿರಾಡುತ್ತಾ ತಿರುಗುವ ಎಂಜಿನ್ನಿನ ಎದುರು ಎಲ್ಲರ ಕಣ್ಣೂ ಒಂದೇ ಮುಳ್ಳಿನ ಮೇಲೆ, ಎಣ್ಣೆಯ ಒತ್ತಡದ ಗೇಜ್. ಹತ್ತು ಹದಿನೈದು ಸೆಕೆಂಡ್ ತಿರುಗಿಸುವುದು, ಸ್ಟಾರ್ಟರ್ ತಣಿಯಲು ಬಿಡುವುದು, ಮತ್ತೆ ತಿರುಗಿಸುವುದು. ಮುಳ್ಳು ಅಲುಗುವುದಿಲ್ಲ. ಮತ್ತೊಮ್ಮೆ. ಅಲುಗುವುದಿಲ್ಲ. ಆಮೇಲೆ ಫಕ್ಕನೆ ಒಂದು ನಡುಕ, ಮುಳ್ಳು ಮೇಲಕ್ಕೆ! ಎಣ್ಣೆ ದಾರಿ ಕಂಡುಕೊಂಡಿತು! ಲೈಕಮಿಂಗ್ ಎಂಜಿನ್ ಕಂಪನಿಯ ಸೂಚನೆಯಂತೂ ಇನ್ನೂ ಕಟ್ಟುನಿಟ್ಟು. ಹೀಗೆ ಎಣ್ಣೆ ಏರಿಸಿ ಮೂರು ಗಂಟೆಯೊಳಗೆ ಎಂಜಿನ್ ಚಾಲೂ ಮಾಡದಿದ್ದರೆ ಎಲ್ಲವನ್ನೂ ಮೊದಲಿಂದ ಮಾಡಬೇಕು.

ಈಗಿನ ಹಗುರ ವಿಮಾನಗಳ ಅಚ್ಚುಮೆಚ್ಚಿನ ರೋಟಾಕ್ಸ್ 912ರ ಕತೆ ಇನ್ನೂ ಸ್ವಾರಸ್ಯ. ಅದರ ಎಣ್ಣೆ ಬೇರೆಯೇ ಒಂದು ತೊಟ್ಟಿಯಲ್ಲಿರುತ್ತದೆ. ಪ್ರೊಪೆಲ್ಲರನ್ನು ಕೈಯಲ್ಲಿ ಸುತ್ತಿಸುತ್ತಾ ಹೋದರೆ ಎಂಜಿನ್ನಿನ ತಳದಲ್ಲಿ ಉಳಿದ ಎಣ್ಣೆ ತೊಟ್ಟಿಗೆ ಮರಳುತ್ತದೆ. ಎಲ್ಲ ಮರಳಿ ಮುಗಿದು ಹಿಂದಿನಿಂದ ಗಾಳಿ ನುಗ್ಗಿದಾಗ ತೊಟ್ಟಿಯೊಳಗಿನಿಂದ ಗುಳುಗುಳು ಸದ್ದು! ಆ ಸದ್ದು ಕೇಳಿದ ಮೇಲೆಯೇ ಎಣ್ಣೆಯ ಮಟ್ಟ ಅಳೆಯುವುದು. ತಿರುಗಿಸುವುದೂ ಸರಿಯಾದ ದಿಕ್ಕಿನಲ್ಲೇ ಆಗಬೇಕು. ಹಿಂದುಮುಂದಾಗಿ ತಿರುಗಿಸಿದರೆ ಎಣ್ಣೆಯ ದಾರಿಗೆ ಗಾಳಿ ನುಗ್ಗಿ, ಅಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ. ಕೊನೆಗೆ ಸಿಲಿಂಡರಿನ ಮುಚ್ಚಳ ತೆಗೆದು ವಾಲ್ವ್ ಒತ್ತುವ ರಾಕರನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಗಟ್ಟಿಯಾಗಿ ನಿಂತರೆ ಒಳಗೆ ಎಣ್ಣೆ ತುಂಬಿದೆ. ಮೆತ್ತಗೆ ಇಳಿದರೆ ಇನ್ನೂ ಗಾಳಿ ಇದೆ. ನೂರು ಕುದುರೆ ಶಕ್ತಿಯ ಯಂತ್ರ ಸಿದ್ಧವೋ ಅಲ್ಲವೋ ಎಂದು ತೀರ್ಮಾನಿಸುವುದು ಒಂದು ತೋರುಬೆರಳು!

ಪೆಟ್ರೋಲಿಗೂ ಪರೀಕ್ಷೆ ತಪ್ಪಿದ್ದಲ್ಲ. ಎಂಜಿನ್ನಿಗೆ ಸೇರುವ ಜಾಗದಲ್ಲೇ ಪೈಪ್ ಬಿಚ್ಚಿ, ಗಡಿಯಾರ ಹಿಡಿದು, ಡಬ್ಬಕ್ಕೆ ಹರಿಯಲು ಬಿಟ್ಟು ಅಳೆಯುತ್ತಾರೆ. ಪಂಪಿನಿಂದ ಬರುವ ಇಂಧನವಾದರೆ ಮೇಲೇರುವಾಗ ಬೇಕಾದ್ದರ ಶೇ. 125ರಷ್ಟು, ಬರೀ ಇಳಿಜಾರಿನಲ್ಲಿ ಹರಿದು ಬರುವುದಾದರೆ ಶೇ. 150ರಷ್ಟು ಬರಲೇಬೇಕು. ಅದೂ ವಿಮಾನದ ಮೂತಿ ಮೇಲೆ ಮಾಡಿ ನಿಲ್ಲಿಸಿ ಅಳೆಯಬೇಕು, ಏರುವಾಗ ಅದು ಹಾಗೆಯೇ ಇರುವುದಲ್ಲವೇ!

ಆ ಮೂವತ್ತು ಸೆಕೆಂಡ್

ಬಂತು ದಿನ. ವಿಮಾನದ ಮೂತಿ ಗಾಳಿಗೆ ಎದುರು. ನಮ್ಮ ಕಡಲತೀರದಲ್ಲಾದರೆ ಮಧ್ಯಾಹ್ನದ ಹೊತ್ತು ಪಡುವಣಕ್ಕೆ. ಎಂಜಿನ್ ತಣಿಯಬೇಕಾದರೆ ಎದುರುಗಾಳಿ ಬೇಕು. ಬಾಲಕ್ಕೆ ಹಗ್ಗ, ಚಕ್ರಕ್ಕೆ ಅಡ್ಡಕಟ್ಟೆ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲಿ. ನೆಲದಲ್ಲಿ ಒಂದು ಹರಳುಕಲ್ಲೂ ಇರಬಾರದು, ಪ್ರೊಪೆಲ್ಲರ್ ಅದನ್ನು ಹೀರಿ ಎತ್ತಿ ತನ್ನ ಅಲಗನ್ನೇ ಚುಚ್ಚಿಕೊಳ್ಳುತ್ತದೆ.

ಸ್ಟಾರ್ಟ್! ಹೊಗೆ, ಉಳಿದಿದ್ದ ಎಣ್ಣೆಯೆಲ್ಲ ಸುಟ್ಟು ಬೆಳ್ಳಗೆ ಹೊಗೆ. ನೋಡುವವರು ಪ್ರೊಪೆಲ್ಲರ್ ನೋಡುತ್ತಾರೆ. ಒಳಗೆ ಕೂತವರು ಮುಳ್ಳು ನೋಡುತ್ತಾರೆ. ರೋಟಾಕ್ಸ್ ಆದರೆ 10 ಸೆಕೆಂಡಿನೊಳಗೆ, ಲೈಕಮಿಂಗ್ ಆದರೆ 30 ಸೆಕೆಂಡಿನೊಳಗೆ ಎಣ್ಣೆಯ ಒತ್ತಡ ಏರಬೇಕು. ಏರದಿದ್ದರೆ ಎರಡನೇ ಯೋಚನೆ ಇಲ್ಲ, ಬಂದ್! ಏರಿದರೂ ಸಂಭ್ರಮಕ್ಕೆ ಬಿಡುವಿಲ್ಲ. ಕೆಲವೇ ನಿಮಿಷ ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಒಂದೊಂದು ಜೋಡಣೆಗೂ ಬೆಳಕು ಹಾಯಿಸುತ್ತಾರೆ. ಎಲ್ಲಾದರೂ ಎಣ್ಣೆಯ ಜಿನುಗು? ಪೆಟ್ರೋಲಿನ ಕಲೆ? ಸಡಿಲಾದ ಬೋಲ್ಟ್? ವರ್ಷಗಳ ಕನಸು, ತಿಂಗಳುಗಳ ದುಡಿಮೆ, ಮತ್ತು ಮೊದಲ ಓಟ ಅಂದರೆ ಇಷ್ಟೇ ಇಷ್ಟು!

ಮೆಲ್ಲಗೆ ಅಲ್ಲ, ಜೋರಾಗಿ!

ಇಲ್ಲಿಂದ ಮುಂದೆ ನಮ್ಮ ತಿಳಿವಳಿಕೆಯೇ ತಲೆಕೆಳಗು. ಹೊಸ ಸ್ಕೂಟರ್ ತಂದಾಗ ಶೋರೂಮಿನವರು ಏನು ಹೇಳುತ್ತಾರೆ? ಮೊದಲ ಸರ್ವಿಸ್ ತನಕ ಮೆಲ್ಲಗೆ ಓಡಿಸಿ. ಲೈಕಮಿಂಗಿನಂಥ ಗಾಳಿಯಿಂದ ತಣಿಯುವ ಹೊಸ ವಿಮಾನ ಎಂಜಿನ್ನಿಗೆ ಹೇಳುವುದು ಇದರ ನೇರ ಉಲ್ಟಾ. ನೆಲದಲ್ಲಿ ಆದಷ್ಟು ಕಡಿಮೆ ಓಡಿಸಿ, ಮೇಲೇರಿದ ಮೇಲೆ ಮುಕ್ಕಾಲು ಪಾಲು ಶಕ್ತಿಯಲ್ಲಿ ದುಡಿಸಿ!

ಕಾರಣ ಕೇಳಿದರೆ ಬೆರಗಾಗುತ್ತೀರಿ. ಸಿಲಿಂಡರಿನ ಒಳಗೋಡೆ ನಮಗೆ ಕನ್ನಡಿಯಂತೆ ಕಂಡರೂ ಅದರಲ್ಲಿ ಅಡ್ಡಡ್ಡ ಗೀರುಗಳ ಬಲೆ ಇದೆ, ಬೇಕೆಂದೇ ಕೊರೆದದ್ದು. ಪಿಸ್ಟನ್ನಿನ ರಿಂಗುಗಳು ಆ ಗೀರಿನ ತುದಿಗಳನ್ನು ಸವೆಸಿ, ತಾವೂ ಸವೆದು, ಒಂದಕ್ಕೊಂದು ಹೊಂದಿಕೊಳ್ಳಬೇಕು. ಹೊಸ ಅರೆಯುವ ಕಲ್ಲಿಗೆ ಮೊದಲು ತೌಡು ಹಾಕಿ ಅರೆದು ಚೆಲ್ಲುತ್ತೇವಲ್ಲ, ಹಾಗೆ. ಆದರೆ ರಿಂಗನ್ನು ಗೋಡೆಗೆ ಒತ್ತುವುದು ಯಾರು? ಉರಿಯುವ ಅನಿಲವೇ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ಒತ್ತುತ್ತದೆ. ಶಕ್ತಿ ಕಡಿಮೆಯಾದರೆ ಒತ್ತಡ ಕಡಿಮೆ. ರಿಂಗು ಎಣ್ಣೆಯ ಮೇಲೆ ಜಾರುತ್ತದೆ, ಎಣ್ಣೆ ಸುಟ್ಟು ಗೀರುಗಳಲ್ಲಿ ಗಟ್ಟಿ ಲೇಪವಾಗಿ ಕೂರುತ್ತದೆ. ಒಮ್ಮೆ ಹಾಗಾಯಿತೋ, ಸಿಲಿಂಡರ್ ಬಿಚ್ಚಿ ಮತ್ತೆ ಗೀರು ಕೊರೆಯುವುದೊಂದೇ ದಾರಿ. ಮುದ್ದು ಮಾಡಿದರೆ ಹಾಳಾಗುವ ಯಂತ್ರ! ಈ ದಿನಗಳಲ್ಲಿ ಹಾಕುವ ಎಣ್ಣೆಯೂ ಬೇರೆ, ಯಾವ ಬೆರಕೆಯೂ ಇಲ್ಲದ ಬರೀ ಖನಿಜ ಎಣ್ಣೆ. ಎಣ್ಣೆ ಕುಡಿಯುವ ಲೆಕ್ಕ ಒಂದು ಮಟ್ಟಕ್ಕೆ ನಿಂತ ಮೇಲೆ ಹೊಂದಾಣಿಕೆ ಆಯಿತೆಂದು ಅರ್ಥ.

ಬೆಂಗಳೂರಿನ ಗುಡುಗು, ಚಳ್ಳಕೆರೆಯ ಧೈರ್ಯ

ಜೆಟ್ ಎಂಜಿನ್ನಿಗೂ ಇದೇ ಸೂತ್ರ. ಮೊದಲು ಇಂಧನವೂ ಇಲ್ಲ ಕಿಡಿಯೂ ಇಲ್ಲ, ಸ್ಟಾರ್ಟರಿನಿಂದ ಬರೀ ತಿರುಗಿಸಿ ಎಣ್ಣೆಯ ಒತ್ತಡ ನೋಡುವುದು. ಆಮೇಲೆ ಇಂಧನ ಬಿಟ್ಟು, ಕಿಡಿ ಕೊಡದೆ ತಿರುಗಿಸುವುದು. ಕೊನೆಗೆ ಆ ಇಂಧನವನ್ನೆಲ್ಲ ಗಾಳಿಯಿಂದ ಹೊರದಬ್ಬುವುದು. ಹೊರದಬ್ಬದಿದ್ದರೆ? 1937ರ ಏಪ್ರಿಲ್ 12ರಂದು ಇಂಗ್ಲೆಂಡಿನ ರಗ್ಬಿಯಲ್ಲಿ ಫ್ರ್ಯಾಂಕ್ ವಿಟ್ಲ್ ತನ್ನ ಜೆಟ್ ಎಂಜಿನ್ನನ್ನು ಮೊದಲ ಸಲ ಓಡಿಸಿದಾಗ ಇಂಧನದ ಕವಾಟ ಮುಚ್ಚಿದರೂ ವೇಗ ಏರುತ್ತಲೇ ಹೋಯಿತು. ಒಳಗೆ ಸೋರಿ ಮಡುಗಟ್ಟಿದ್ದ ಇಂಧನ ಉರಿಯುತ್ತಿತ್ತು! ಸುತ್ತ ನಿಂತವರೆಲ್ಲ ಓಟ ಕಿತ್ತರು.

ನಮ್ಮ ಬೆಂಗಳೂರಿನಲ್ಲೂ ಇಂಥ ಮೊದಲ ಓಟಗಳ ದೊಡ್ಡ ಸಾಲೇ ಇದೆ. ಸಿ.ವಿ. ರಾಮನ್ ನಗರದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯ ಕಾವೇರಿ ಎಂಜಿನ್ನಿನಲ್ಲಿ ಮೊದಲು ಓಡಿದ್ದು ಅದರ ಒಳತಿರುಳು ಕಬಿನಿ, 1995ರಲ್ಲಿ. ಎಚ್‌ಎಎಲ್‌ನ ಎಚ್‌ಟಿಎಫ್‌ಇ-25 ಎಂಜಿನ್ನಿನ ತಿರುಳು ಓಡಿದ್ದು 2015ರ ಡಿಸೆಂಬರಿನಲ್ಲಿ. ಎರಡರಲ್ಲೂ ಮೊದಲು ತಿರುಳು, ಆಮೇಲೆ ಪೂರ್ತಿ ಎಂಜಿನ್!

ಇನ್ನು ಹನ್ಸಾ-ಎನ್‌ಜಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಇಬ್ಬರು ಕೂರುವ ತರಬೇತಿ ವಿಮಾನ, ಮೂತಿಯಲ್ಲಿ ಮೇಲೆ ಹೇಳಿದ ರೋಟಾಕ್ಸ್ ಬಳಗದ್ದೇ ಎಂಜಿನ್. 2021ರ ಸೆಪ್ಟೆಂಬರ್ 3ರಂದು ಮೊದಲ ಹಾರಾಟ. ಮರುವರ್ಷ ಫೆಬ್ರವರಿಯಲ್ಲಿ ಅದನ್ನು ಪುದುಚೇರಿಗೆ ಹಾರಿಸಿಕೊಂಡು ಹೋಗಿ ಸಮುದ್ರಮಟ್ಟದಲ್ಲಿ ಪರೀಕ್ಷೆ ಮಾಡಿದರು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಪುದುಚೇರಿಯದಿರಲಿ, ನಮ್ಮ ಕಾಪುವಿನದಿರಲಿ, ಕಡಲತೀರದ ಗಾಳಿ ಅದಕ್ಕಿಂತ ದಟ್ಟ. ಉಸಿರು ಹೆಚ್ಚಾದರೆ ಎಂಜಿನ್ನಿನ ವರ್ತನೆಯೇ ಬೇರೆ! ಅದೇ ವರ್ಷದ ಮೇ 17ರಂದು ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ನಡೆದದ್ದು ಎದೆ ನಡುಗಿಸುವ ಕೆಲಸ. ಏಳೆಂಟು ಸಾವಿರ ಅಡಿ ಎತ್ತರದಲ್ಲಿ, ಇರುವ ಒಂದೇ ಎಂಜಿನ್ನನ್ನು ಬೇಕೆಂದೇ ಆರಿಸಿ, ಮತ್ತೆ ಹೊತ್ತಿಸಿದರು!

ತೀರ್ಪು ಕೊಡುವ ಕಾಗದ

ಮಣಿಪಾಲದ ಎಂಐಟಿಯಲ್ಲಿ ವಿಮಾನಶಾಸ್ತ್ರ ಓದುವ ಮಕ್ಕಳನ್ನು, ಹೆಜಮಾಡಿಯಲ್ಲಿ ವಿಮಾನ ಕಟ್ಟುವ ಉತ್ಸಾಹಿಗಳನ್ನು ನೆನೆದಾಗ ನನಗೆ ಹೇಳಬೇಕೆನಿಸುವುದು ಇದೊಂದನ್ನೇ. ಮೊದಲ ಓಟ ಗೆದ್ದಿತೋ ಸೋತಿತೋ ಎಂದು ಹೇಳುವುದು ಗುಡುಗಲ್ಲ, ಎಣ್ಣೆಯ ಫಿಲ್ಟರ್. ಮೊದಲ ಗಂಟೆಗಳ ಓಟ ಮುಗಿದ ಮೇಲೆ ಅದನ್ನು ಕತ್ತರಿಸಿ, ಮಡಿಕೆ ಮಡಿಕೆಯ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಜರಿಯ ಪುಡಿಯಂತೆ ಸಣ್ಣಗೆ ಮಿನುಗಿದರೆ ಹೆದರಿಕೆ ಇಲ್ಲ, ಹೊಂದಿಕೊಳ್ಳುವಾಗ ಸವೆದದ್ದು. ಚೂರು ಚೂರು ಲೋಹ ಸಿಕ್ಕಿ, ಅಯಸ್ಕಾಂತಕ್ಕೆ ಟಕ್ಕನೆ ಅಂಟಿಕೊಂಡರೆ ಒಳಗೆ ಯಾವುದೋ ಉಕ್ಕು ಒಡೆಯುತ್ತಿದೆ, ಹಾರುವ ಮಾತು ಬೇಡ.

ಒಂದು ಲೆಕ್ಕ ಹಾಕಿ ನೋಡಿ. ಇಂಥ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವುದು ಸಾಮಾನ್ಯವಾಗಿ 2,000 ಗಂಟೆಗೊಮ್ಮೆ. ನಿಮಿಷಕ್ಕೆ 2,400 ಸುತ್ತು ಎಂದು ಹಿಡಿದರೂ ಅಷ್ಟರಲ್ಲಿ ಕ್ರ್ಯಾಂಕ್‌ಶಾಫ್ಟ್ ತಿರುಗುವುದು 28 ಕೋಟಿ 80 ಲಕ್ಷ ಸಲ! ಅಷ್ಟು ಕೋಟಿ ಸುತ್ತುಗಳ ಹಣೆಬರಹ ಬರೆಯುವುದು ಕಿಡಿಯೇ ಇಲ್ಲದ ಮೊದಲ ಕೆಲವು ಸುತ್ತುಗಳು. ಅದರಲ್ಲೂ ಕೆಲವನ್ನು ಒಬ್ಬ ಮನುಷ್ಯ ಬರಿಗೈಯಲ್ಲಿ ತಿರುಗಿಸಿರುತ್ತಾನೆ!